ಹೊನ್ನಯ್ಯನವರು ಮುಗಿಸದ ಕಥೆ

ಹೊನ್ನಯ್ಯನವರು ಕಥೆ ಹೇಳುವ ಮುನ್ನ ಚಪ್ಪಲಿ ಬಿಡುತ್ತಾರೆ. ಅದು ಯಾರದೋ ಮನೆಯ ಜಗಲಿಯಾಗಿರಲಿ, ಕಡಬದ ಕೆರೆ ಏರಿಯಾಗಿರಲಿ, ಗುಬ್ಬಿ ಬಸ್ ನಿಲ್ದಾಣದ ಕಲ್ಲುಬೆಂಚಾಗಿರಲಿ, ಬಾಯಿ ತೆರೆಯುವುದಕ್ಕೆ ಮೊದಲು ಅವರ ಎರಡು ಪಾದಗಳೂ ಬರಿನೆಲವನ್ನು ಮುಟ್ಟಬೇಕು. ಚಪ್ಪಲಿಗಳನ್ನು ಜೋಡಿಸಿ ಪಕ್ಕಕ್ಕಿಟ್ಟು, ಮಾಸಿದ ಬೂದುಬಣ್ಣದ ಕೋಟಿನ ಒಳಜೇಬನ್ನು ಒಮ್ಮೆ ಸವರಿಕೊಂಡು, ಆಮೇಲೆ ಮಾತು. ಆ ಜೇಬಿನಲ್ಲಿ ಸತ್ಯವೇದದ ಹಳೆಯ ಪ್ರತಿಯೊಂದಿದೆ. ಪುಸ್ತಕದ ಅಳತೆಗೆ ತಕ್ಕಂತೆ ಅವರ ಹೆಂಡತಿ ಜೇಬನ್ನು ಬಿಚ್ಚಿ, ಹಿಗ್ಗಿಸಿ ಹೊಲಿದುಕೊಟ್ಟಿದ್ದರಂತೆ. ಆಕೆ ತೀರಿಕೊಂಡು ಬಹಳ ವರ್ಷಗಳಾದವು. ಪುಸ್ತಕದ ಭಾರಕ್ಕೆ ಕೋಟು ಎಡಕ್ಕೆ ಜಗ್ಗಿದೆ, ಕೋಟಿನ ಜೊತೆ ನಡಿಗೆಯೂ.

ಗುಬ್ಬಿಯ ಚಿಕ್ಕ ಕ್ರೈಸ್ತ ಸಭೆಯೊಂದಕ್ಕೆ ಅವರು ಉಪದೇಶಿ. ಪಾದ್ರಿಗಳು ತುಮಕೂರಿನಿಂದ ತಿಂಗಳಿಗೊಮ್ಮೆ ಬಂದು ಹೋಗುತ್ತಾರೆ. ಉಳಿದ ದಿನಗಳ ಪ್ರಾರ್ಥನೆ, ರೋಗಿಗಳ ಭೇಟಿ, ಸತ್ತವರನ್ನು ಮಣ್ಣು ಮಾಡುವುದು ಎಲ್ಲ ಇವರ ಪಾಲಿಗೆ. ನಮ್ಮೂರು ಕಡಬದಲ್ಲಿ ಹಾಸಿಗೆ ಹಿಡಿದಿದ್ದ ಚಿಕ್ಕಮಾರಮ್ಮನೆಂಬ ಮುದುಕಿಗಾಗಿ ಗುರುವಾರ ಗುರುವಾರ ಬರುತ್ತಿದ್ದರು. ವಾಪಸು ಹೋಗುವ ಬಸ್ಸು ನಿಲ್ಲುವುದು ನಮ್ಮ ಮನೆಯೆದುರಿಗೆ. ಹಾಗಾಗಿ ನಮ್ಮ ಜಗಲಿಯೇ ಅವರ ನಿಲ್ದಾಣವಾಯಿತು. ನನ್ನ ತಾಯಿ ಸರ್ವಮಂಗಳಮ್ಮ ಲಿಂಗಪೂಜೆಯಾಗದೆ ತೊಟ್ಟು ನೀರನ್ನೂ ಮುಟ್ಟದವಳು. ಮೊದಲ ವಾರ ಅವರಿಗೆ ನೀರು ಕೊಟ್ಟಳು, ಎರಡನೆಯ ವಾರ ಮಜ್ಜಿಗೆ ಕೊಟ್ಟಳು, ಮೂರನೆಯ ವಾರ, ಆ ಚಿಕ್ಕಮಾರಮ್ಮನಿಗೆ ಏನು ಹೇಳಿ ಬಂದಿರೋ ನನಗೂ ಹೇಳಿ ಎಂದಳು.

ಅವರು ಹೇಳುವ ರೀತಿಯೇ ಬೇರೆ. ದೇವರ ರಾಜ್ಯ ಹೆಪ್ಪಿನ ಹಾಗೆ ಎನ್ನುವರು. ಒಂದು ಚಮಚ, ಯಾರ ಕಣ್ಣಿಗೂ ಬೀಳದೆ, ಬೆಳಗಾಗುವಷ್ಟರಲ್ಲಿ ಪಾತ್ರೆಯ ಹಾಲನ್ನೆಲ್ಲ ಬದಲಿಸಿಬಿಡುತ್ತದಲ್ಲ, ಹಾಗೆ. ಕಳೆದುಹೋದ ಕುರಿಯನ್ನು ಕುರುಬ ಹುಡುಕಿದ್ದು ನಮ್ಮ ಸೀಮೆಯ ಹುತ್ರಿದುರ್ಗ ಬೆಟ್ಟದ ಕಲ್ಲುಗಳ ನಡುವೆ. ನಾಲ್ಕು ಮಾತಿಗೊಮ್ಮೆ "ಅಂತ ಇಟ್ಕೊಳಿ" ಎನ್ನುವುದು ಅವರ ಅಭ್ಯಾಸ. ಕೀರ್ತನೆಯನ್ನು ರಾಗಿ ಬೀಸುವ ಪದದ ಧಾಟಿಯಲ್ಲಿ ಹಾಡಿದರೆ, ಅಮ್ಮ ತನಗರಿವಿಲ್ಲದೆ ತಲೆದೂಗುವಳು. ನಮ್ಮಲ್ಲಿಗೆ ಬನ್ನಿ ಎಂದು ಅವರು ಕರೆದದ್ದು ನನಗೆ ನೆನಪಿಲ್ಲ. ಇದು ನಾನು ನಂಬಿದ ಯೇಸುಸ್ವಾಮಿಯ ಮಾತು ಎನ್ನುವುದನ್ನು ಮುಚ್ಚಿಟ್ಟದ್ದೂ ಇಲ್ಲ.

ನಮ್ಮ ಮನೆಯ ಸಂಗತಿ ಅವರಿಗೆ ತಿಳಿದಿರಲಿಲ್ಲ. ನನ್ನ ತಮ್ಮ ಸಂಗಮೇಶ್, ಅಪ್ಪ ನೆಟ್ಟ ತೆಂಗಿನ ತೋಟದಲ್ಲಿ ತನ್ನ ಪಾಲನ್ನು ಪರರಿಗೆ ಮಾರಿ ಕುಣಿಗಲ್ ಸೇರಿದ್ದ. ನಾನಿರುವ ತನಕ ಅವನು ಈ ಹೊಸಿಲು ತುಳಿಯಕೂಡದೆಂದು ಹೇಳಿದ್ದೆ. ಮೂರು ವರ್ಷ ಅಮ್ಮ ಅವನ ಹೆಸರೆತ್ತಲಿಲ್ಲ.

ಒಂದು ಗುರುವಾರ ಹೊನ್ನಯ್ಯನವರು ಇಬ್ಬರು ಮಕ್ಕಳ ತಂದೆಯ ಕಥೆ ತೆಗೆದರು. ಚಿಕ್ಕವನು ಪಾಲು ಮಾರಿ ಹೋದ ಎಂಬಲ್ಲಿ, ಅವರೆಕಾಯಿ ಸುಲಿಯುತ್ತಿದ್ದ ಅಮ್ಮನ ಕೈ ನಿಂತಿತು. ಕಿಟಕಿಯ ಒಳಗೆ ನನ್ನ ಕಿವಿಯೂ ನಿಮಿರಿತು. ಎಲ್ಲ ಕಳೆದುಕೊಂಡು ಬರುತ್ತಿದ್ದ ಮಗನನ್ನು ದೂರದಿಂದಲೇ ಕಂಡು ಮುದುಕ ಓಡಿದ ಎಂದಾಗ ಅಮ್ಮ ಕೇಳಿದಳು, "ತಪ್ಪಾಯ್ತು ಅನ್ನೋಕ್ ಮುಂಚೇನೇ ಓಡಿದ್ರಾ?"

"ಮುಂಚೇನೇ ಕಣಮ್ಮ."

ಅಷ್ಟಕ್ಕೆ ಅವರು ನಿಲ್ಲಿಸಬೇಕಿತ್ತು. ಹೆಪ್ಪನ್ನೂ ಬೀಸುವ ಪದವನ್ನೂ ಅಷ್ಟು ಎಚ್ಚರದಿಂದ ಆರಿಸಿಕೊಂಡ ಮನುಷ್ಯ, ಅಂಗಳದಲ್ಲಿ ಕಟ್ಟಿದ್ದ ತಿಂಗಳ ಕರುವನ್ನು ಕಾಣದೆ, ಆ ಸಂತೋಷಕ್ಕೆ ತಂದೆ ಕೊಬ್ಬಿದ ಕರುವನ್ನು ಕುಯ್ಯಿಸಿ ಹಬ್ಬ ಮಾಡಿದ ಎಂದುಬಿಟ್ಟರು. ಅಮ್ಮ ಎದ್ದು ನಿಂತಳು.

"ತನ್ನ ಮಗ ಬಂದ ಅಂತ ಇನ್ನೊಬ್ಬ ತಾಯಿ ಮಗೂನ ಕುಯ್ಯೋದಾ? ಅದರ ತಾಯಿ ಹತ್ರಕ್ಕೆ ಯಾರು ಓಡಿದ್ರು ಹೊನ್ನಯ್ಯನೋರೆ?"

ಹೊನ್ನಯ್ಯನವರು ಚಪ್ಪಲಿ ಮೆಟ್ಟಿ, ಬಸ್ಸು ಬರುವವರೆಗೆ ಬಿಸಿಲಲ್ಲಿ ನಿಂತರು. ಎರಡು ಗುರುವಾರ ನಮ್ಮ ಜಗಲಿಗೆ ಬರಲಿಲ್ಲ. ನನಗೆ ಒಳಗೊಳಗೇ ನೆಮ್ಮದಿಯಾಗಿತ್ತು.

ಆ ದಿನಗಳಲ್ಲಿ ಸಭೆಯ ಹಿರಿಯರಾದ ಚಿಕ್ಕಹನುಮಯ್ಯನವರು ಒಂದು ಉಪಾಯ ಹೇಳಿಕೊಟ್ಟರಂತೆ: "ಹೋಳಿಗೆ ಮಾಡಿಸಿದ್ರು ಅಂದ್ಬುಡಿ, ಯಾರ್ ಹೋಗಿ ನೋಡ್ತಾರೆ?" ಇವರು ಒಪ್ಪಲಿಲ್ಲ.

ಮೂರನೆಯ ಗುರುವಾರ ಬಂದರು. ಜಗಲಿ ಹತ್ತದೆ ಅಂಗಳದಲ್ಲೇ ಬರಿಗಾಲಲ್ಲಿ ನಿಂತರು. ಪುಸ್ತಕದಲ್ಲಿ ಬರೆದದ್ದನ್ನು ತಾನು ತಿದ್ದಲಾರೆ, ಆ ಸೀಮೆಯ ಹಬ್ಬ ಹಾಗಿತ್ತು, ಆದರೆ ಆ ಕರುವಿನ ತಾಯಿಯನ್ನು ಕುರಿತು ಇಷ್ಟು ವರ್ಷ ಯೋಚಿಸದೆ ಹೋದದ್ದು ತನ್ನ ತಪ್ಪು ಎಂದರು. ಆಮೇಲೆ ಮೆಲ್ಲಗೆ ಕೇಳಿದರು, "ನೀವಾಗಿದ್ರೆ ಹಬ್ಬ ಹೆಂಗ್ ಮಾಡ್ತಿದ್ರಿ ತಾಯಿ?"

ಅಮ್ಮ ಕರುವಿನತ್ತ ನೋಡಿದಳು. "ಅವತ್ತು ಹಾಲು ಕರೀತಿರಲಿಲ್ಲ. ಹಗ್ಗ ಬಿಚ್ಚಿ, ಕರೂನೂ ಹೊಟ್ಟೆ ತುಂಬ ಕುಡೀಲಿ ಅಂತ ಬಿಡ್ತಿದ್ದೆ. ನನ್ನ ಸಂಗ ಬಂದ್ರೆ ಹಂಗೇ ಮಾಡ್ತೀನಿ."

ಹೇಳಿ ಕಿಟಕಿಯತ್ತ ನೋಡಿದಳು. ನಾನು ಹಿತ್ತಲ ಬಾಗಿಲಿನಿಂದ ಕೆರೆ ಏರಿಗೆ ಹೋಗಿ ಕುಳಿತೆ.

ಸ್ವಲ್ಪ ಹೊತ್ತಿಗೆ ಎಡಕ್ಕೆ ವಾಲಿದ ಆ ನಡಿಗೆ ಏರಿಯ ಮೇಲೆ ಕಾಣಿಸಿತು. ಬಸ್ಸು ಬಂದು ಹೋಗಿದ್ದ ಸದ್ದು ನನಗೂ ಕೇಳಿತ್ತು. ಅವರು ಪಕ್ಕದಲ್ಲಿ ಕುಳಿತು ನೀರು ನೋಡತೊಡಗಿದರು. ಕೊನೆಗೆ, ಮನೆಯಲ್ಲೇ ದುಡಿದ ಆ ದೊಡ್ಡ ಮಗ ಏನಾದ ಎಂದು ನಾನೇ ಕೇಳಿದೆ. ಅವರು ಚಪ್ಪಲಿ ಬಿಟ್ಟರು.

"ಮುನಿಸ್ಕಂಡು ಹೊರಗೇ ನಿಂತ. ಅಪ್ಪ ಅವನ ಹತ್ರಕ್ಕೂ ಎದ್ದು ಬಂದ."

"ಆಮೇಲೆ?"

"ಆಮೇಲೆ ಬರ್ದಿಲ್ಲ ಸ್ವಾಮಿ. ಒಳಕ್ಕೋದ್ನಾ ಇಲ್ವಾ, ಪುಸ್ತಕದಲ್ಲಿಲ್ಲ. ನಾನಾಗಿ ಸೇರ್ಸಂಗಿಲ್ಲ."

ಮರುದಿನ ನಾನು ಕುಣಿಗಲ್ ಬಸ್ಸು ಹತ್ತಿದೆ.

ಸಂಗಮೇಶ್ ನನ್ನ ಜೊತೆ ಬಂದ ಸಂಜೆ ಅಮ್ಮ ಅತ್ತಳು, ಮುಖ ತೊಳೆದಳು, ನೇರ ಅಂಗಳಕ್ಕೆ ಹೋಗಿ ಕರುವಿನ ಹಗ್ಗ ಬಿಚ್ಚಿದಳು. ಲೋಟ ಕೈಗೆ ಬಂದಾಗ ತಮ್ಮ ಒಳಗೆ ಇಣುಕಿ ನೋಡಿದ. "ಏನಮ್ಮ, ಮೂರು ವರ್ಷಕ್ಕೆ ಬಂದ್ರೆ ಹಾಲಿಲ್ದಿರೋ ಕಾಫೀನಾ?"

"ಸುಮ್ನೆ ಕುಡಿಯೋ. ನಿನ್ನ ಪಾಲು ಅದು ಕುಡೀತು."

ಆ ಕಪ್ಪು ಕಾಫಿಯನ್ನು ನಾವು ಮೂವರೂ ಒಂದೇ ಜಗಲಿಯಲ್ಲಿ ಕುಳಿತು ಕುಡಿದೆವು.

ಅಮ್ಮನ ಲಿಂಗಪೂಜೆ ಇಂದಿಗೂ ಒಂದು ದಿನ ತಪ್ಪಿಲ್ಲ. ಹೊನ್ನಯ್ಯನವರು ಈಗ ಆ ಕಥೆಯನ್ನು ಎಲ್ಲಿ ಹೇಳಿದರೂ, ಪುಸ್ತಕದಲ್ಲಿ ಇರುವುದನ್ನು ಇರುವಂತೆ ಹೇಳಿ, ಕಡಬದ ತಾಯಿಯೊಬ್ಬರು ಹಬ್ಬ ಮಾಡಿದ್ದು ಹೀಗೆ ಎಂದು ಅದನ್ನೂ ಹೇಳಿ, ನಿಮ್ಮ ಮನೆಯಲ್ಲಾದರೆ ಹೇಗೆ ಎಂದು ಕೇಳುತ್ತಾರಂತೆ. ತಮಗೆ ಅತಿ ಪ್ರಿಯವಾದದ್ದನ್ನು ಪರರ ಹೊಸಿಲಿಗೆ ತರುವವರು ಲೋಕದಲ್ಲಿ ಬಹಳ ಮಂದಿ. ತಂದದ್ದನ್ನು ಬರಿಗಾಲಲ್ಲಿ ನಿಂತು ಕೊಟ್ಟು, ಎದುರಿನವರು ನೊಂದರೆ ಮರಳಿ ಬಂದು ತಪ್ಪನ್ನು ಒಪ್ಪಿಕೊಳ್ಳುವವರು ಕೆಲವರೇ. ತಮ್ಮ ಮಾತು ಎಲ್ಲಿಗೆ ಮುಗಿಯಬೇಕೆಂಬುದು ಅಂಥವರಿಗೆ ಗೊತ್ತಿರುತ್ತದೆ. ಅಲ್ಲಿಂದ ಮನೆಯೊಳಕ್ಕೆ ಉಳಿದ ನಾಲ್ಕು ಹೆಜ್ಜೆಗಳನ್ನು ಅವರು ನಮಗೇ ಬಿಟ್ಟುಕೊಟ್ಟು, ಚಪ್ಪಲಿ ಮೆಟ್ಟಿ, ಮುಂದಿನ ಬಸ್ಸಿಗೆ ಕಾಯುತ್ತಾರೆ.