ಪರಸಪ್ಪ ಉಸ್ತಾದರ ಕತ್ತರಿ

ನಾನು ಒಂದು ಪುಟ್ಟ ಕತ್ತರಿ. ಉಕ್ಕಿನ ಮೈ, ತುಸು ಬಾಗಿದ ಮೂತಿ. ಕಾರ್ಖಾನೆಯಲ್ಲಿ ಸಾಣೆ ಹಿಡಿಸಿಕೊಂಡು, ಧಾರವಾಡದ ಒಂದು ಆಸ್ಪತ್ರೆಗೆ ಬಂದು, ಜೆಸಿಂತಾ ಸಿಸ್ಟರ್ ಕೈ ಸೇರಿದೆ.

ಅವರ ವಾರ್ಡಿಗೆ ಪರಸಪ್ಪ ಉಸ್ತಾದರು ಬಂದರು. ಗರಡಿಯಲ್ಲಿ ಕುಸ್ತಿ ಕಲಿಸುವವರು. ಕಲ್ಲು ತಿಂದು ಕರಗಿಸುವ ಹೊಟ್ಟೆ ಎಂದು ಹೆಸರಾದವರು. ಆ ಹೊಟ್ಟೆಯಲ್ಲೇ ಗಡ್ಡೆ ಬೆಳೆದಿತ್ತು. ವೈದ್ಯರು ಅದನ್ನು ತೆಗೆದು, ಕರುಳಿನ ತುದಿಯನ್ನು ಹೊಟ್ಟೆಯ ಎಡಬದಿಗೆ ಹೊರತಂದು ಕೂಡಿಸಿದ್ದರು. ಇನ್ನು ಮಲ ಬರುವುದು ಅಲ್ಲಿಂದಲೇ, ಅಲ್ಲಿ ಅಂಟಿಸಿದ ಚೀಲಕ್ಕೆ. ಉಸ್ತಾದರು ಅತ್ತ ನೋಡಲೇ ಒಲ್ಲರು.

“ಅದು ಗಾಯ ಅಲ್ರಿ ಉಸ್ತಾದ್ರ, ನಿಮ್ಮ ಕರುಳ,” ಎಂದರು ಸಿಸ್ಟರ್. “ಹಿಂಗ ಕೆಂಪಗ, ಹಸಿ ಇದ್ರ ಛಲೋ. ಚೀಲದ ತೂತು ಅದರ ಅಳತಿಗೆ ಕತ್ತರಸ್ರಿ. ದೊಡ್ಡದಾದ್ರ ಹೊಲಸ ತಾಗಿ ಸುತ್ತಲಿನ ಚರ್ಮ ಉರೀತದ.” ಮನೆಗೆ ಹೊರಟಾಗ ನನ್ನನ್ನೂ ಕೈಗಿಟ್ಟರು.

ಮನೆಯಲ್ಲಿ ಉಸ್ತಾದರ ಹಳೆಯ ಹಟ ಹೋಗಲಿಲ್ಲ. ಒಂದು ಮಧ್ಯಾಹ್ನ ರೊಟ್ಟಿ, ಎಲೆಕೋಸಿನ ಪಲ್ಯವನ್ನು ಗಬಗಬ ತಿಂದರು. ಚೀಲ ಗಾಳಿ ತುಂಬಿ ಉಬ್ಬಿತು, ಅಂಚು ಬಿಟ್ಟಿತು, ಧೋತರ ಹೊಲಸಾಯಿತು. ಅಂದಿನಿಂದ ಊಟವನ್ನೂ ಗರಡಿಯನ್ನೂ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದರು.

ಹೆಂಡತಿ ಕಸ್ತೂರೆವ್ವ ನೋಡುವಷ್ಟು ನೋಡಿದಳು. “ಒಂದ ದಿನದಾಗ ಪಟ್ಟು ಕಲೀತೀವಿ ಅನ್ನೋ ಹುಡುಗರನ್ನ ನೀವ ಬೈತಿದ್ರಿ. ಏಳ್ರಿ. ಇದೂ ಕಲಿಯೂದ ಐತಿ.”

ಎದ್ದರು. ಮೆತ್ತಗಿನ ಅನ್ನ, ಮಜ್ಜಿಗೆಯಿಂದ ಶುರು. ಹೊಸ ಪದಾರ್ಥ ಯಾವುದಿದ್ದರೂ ಒಂದೊಂದೇ, ಸ್ವಲ್ಪವೇ. ನುಣ್ಣಗೆ ಅಗೆದು ನುಂಗಿ, ಹೊಟ್ಟೆ ಏನನ್ನುತ್ತದೆ ಎಂದು ಕಾಯುವುದು. ಚೀಲ ಅರ್ಧ ತುಂಬುವ ಮೊದಲೇ ಖಾಲಿ ಮಾಡುವುದು. ಬದಲಿಸುವ ದಿನ ಬೆಳಿಗ್ಗೆ, ಇನ್ನೂ ಏನೂ ತಿನ್ನದೆ ಕರುಳು ಸುಮ್ಮನಿರುವಾಗ, ನನ್ನನ್ನು ಕೈಗೆತ್ತಿಕೊಳ್ಳುತ್ತಿದ್ದರು. ಮೊದಮೊದಲು ಅಂಕುಡೊಂಕು ಕತ್ತರಿಸುತ್ತಿದ್ದ ಆ ದಪ್ಪ ಬೆರಳುಗಳು ಬರಬರುತ್ತ ಗುಂಡಗೆ ತೂತು ಕತ್ತರಿಸಿದವು.

ಆ ವರ್ಷ ನವಲಗುಂದದ ಕುಸ್ತಿಗೆ ತೀರ್ಪುಗಾರರಾಗಿ ಕರೆ ಬಂತು. ಕೈಚೀಲದಲ್ಲಿ ನಾನೂ ಹೋದೆ. ಕೊನೆಯ ಜೋಡಿ ಕಣಕ್ಕಿಳಿದಿತ್ತು. ಅಷ್ಟರಲ್ಲಿ ಹೊಟ್ಟೆಯ ಚೀಲದ ಅಂಚು ಒದ್ದೆಯಾದದ್ದು ಉಸ್ತಾದರಿಗೆ ತಿಳಿಯಿತು. ಸುತ್ತ ಜನವೋ ಜನ. ಅವರು ಪಂಚರತ್ತ ತಿರುಗಿ, “ನನ್ನ ಹೊಟ್ಟಿ ಚೀಲ ಬದಲಿ ಮಾಡಬೇಕ್ರಿ. ಬಂದ ಮ್ಯಾಲೆ ಕುಸ್ತಿ ಸುರು ಮಾಡೋಣು,” ಎಂದರು. ದನಿ ತಗ್ಗಿಸಲಿಲ್ಲ. ಯಾರೂ ನಗಲಿಲ್ಲ. ಹಿರಿಯರೊಬ್ಬರು ಪಕ್ಕದ ಶಾಲೆಯ ಕೋಣೆ ತೆರೆಸಿ, ತಾವೇ ಬಾಗಿಲಿಗೆ ಕಾವಲು ನಿಂತರು. ನಾನು ನನ್ನ ಕೆಲಸ ಮಾಡಿದೆ. ಉಸ್ತಾದರು ಹೊರಬಂದು ಸೀಟಿ ಊದಿದರು.

ಆ ಮಾತು ನಮ್ಮೂರಿನ ಶಾಲೆಯ ಮಂದಾಕಿನಿ ಟೀಚರ ಕಿವಿಗೂ ಬಿತ್ತು. ಅವರಿಗೂ ಅದೇ ಆಪರೇಷನ್ ಆಗಿತ್ತು; ತರಗತಿಯಲ್ಲಿ ಏನಾದರೂ ಆದೀತೆಂದು ಉಪವಾಸವೇ ಶಾಲೆಗೆ ಹೋಗಿ ಬಳಲುತ್ತಿದ್ದರು. ತಮ್ಮ ಅಣ್ಣನ ಜೊತೆ ನಮ್ಮ ಮನೆಗೆ ಬಂದಾಗ ಉಸ್ತಾದರು ಅಂಗಿ ಎತ್ತಿ ತೋರಿಸಿದರು. “ಉಪಾಸ ಬಿದ್ರ ಗಾಳಿ ಹೆಚ್ಚ ಆಗ್ತೈತ್ರಿ. ಹೊತ್ತಿಗೆ ಸರಿಯಾಗಿ ಉಣ್ರಿ, ಪಾಠ ಹೇಳ್ರಿ.” ಅವರಿಗೆ ತೂತು ಕತ್ತರಿಸುವುದನ್ನು ಕಲಿಸಿ, ನನ್ನನ್ನೂ ಕೊಟ್ಟುಬಿಟ್ಟರು.

ಟೀಚರ ಮನೆಯಲ್ಲಿ ದುಡಿದು ದುಡಿದು ನನ್ನ ಅಲಗು ಮೊಂಡಾಯಿತು. ಅವರೀಗ ಹೊಸ ಕತ್ತರಿ ತಂದಿದ್ದಾರೆ. ನನ್ನನ್ನು ಕುದಿಸಿ ತೊಳೆದು ಅಡುಗೆಮನೆಯ ಮೊಳೆಗೆ ತೂಗುಹಾಕಿದ್ದಾರೆ. ಹಾಲಿನ ಪಾಕೀಟು ಕತ್ತರಿಸುವುದೇ ನನ್ನ ನಿವೃತ್ತಿ. ಇಲ್ಲಿಂದ ಎಲ್ಲ ಕಾಣುತ್ತದೆ. ರವಿವಾರ ಉಸ್ತಾದರು, ಕಸ್ತೂರೆವ್ವ ಊಟಕ್ಕೆ ಬರುತ್ತಾರೆ. ಅಗೆದು ಅಗೆದು ತಿನ್ನುವ ಇಬ್ಬರು ಎದುರಾದರೆ ಊಟ ಬೇಗ ಮುಗಿಯುವುದುಂಟೇ? ಸಾರು ಆರಿಹೋಗುತ್ತದೆ, ಮಾತು ಮಾತ್ರ ನಿಲ್ಲುವುದಿಲ್ಲ. ಮೊದಲೇ ಉಂಡು ಮುಗಿಸಿದ ಕಸ್ತೂರೆವ್ವ ಕೈ ಒಣಗಿಸಿಕೊಂಡು ಕೂತೇ ಇರುತ್ತಾಳೆ.