ಅಂಗ್ರುಪನ ಕಣ್ಣಿಗೆ ಹಿಮ ಹೊಡೆದದ್ದು

ಹಿಮ ಬಿದ್ದ ದಾರಿಯಲ್ಲಿ ನಡೆದುಹೋಗುವವರನ್ನು ಬಿಟ್ಟು ಗಾಡಿ ಮುಂದೆ ಹೋಗುವ ಪದ್ಧತಿ ಹಿಮಾಲಯದ ಲಾಹೌಲಿನಲ್ಲಿ ಇಲ್ಲ. ಇಪ್ಪತ್ತು ವರ್ಷದಿಂದ ಜೀಪು ಓಡಿಸುವ ಅಂಗ್ರುಪ್ ಒಬ್ಬರನ್ನೂ ಬಿಟ್ಟವನಲ್ಲ. ಇವತ್ತು ಬಿಟ್ಟ. ಹಿಂದೆ ಕೂತ ದೆಹಲಿಯ ಗಂಡ ಹೆಂಡತಿ ಹೊರಡುವಾಗಲೇ, "ಪೂರ್ತಿ ಗಾಡಿ ನಮ್ದು, ದಾರೀಲಿ ಯಾರನ್ನೂ ಹತ್ತಿಸ್ಬೇಡ" ಎಂದಿದ್ದರು. ಊರಿಗೆ ನಾಲ್ಕು ಮೈಲಿ ಇರುವಾಗ, ಬೆನ್ನಿಗೆ ಬುಟ್ಟಿ ಹೊತ್ತ ಮುದುಕಿ ಪಲ್ಜೋಮ್ ಕೈ ಎತ್ತಿದಳು. ಅವನು ಕಣಿವೆಯ ಕಡೆ ಮುಖ ತಿರುಗಿಸಿ ಗೇರು ಬದಲಿಸಿದ.

ಎರಡು ತಾಸಾದ ಮೇಲೆ, ಊರಿನ ಚಹಾದಂಗಡಿಯಲ್ಲಿ ಮೂವರೂ ಒಲೆಯ ಮುಂದೆ ಚಳಿ ಕಾಯಿಸುತ್ತ ಕೂತಿದ್ದಾಗ ಅವಳು ಒಳಗೆ ಬಂದಳು. ಮೊಣಕಾಲವರೆಗೆ ಒದ್ದೆ. ಬೈಸಿಕೊಳ್ಳಲು ಅಂಗ್ರುಪ್ ತಲೆ ತಗ್ಗಿಸಿದ.

ಅವಳು ಅವನ ಗಲ್ಲ ಹಿಡಿದೆತ್ತಿದಳು. "ಅಯ್ಯೋ ಮಗಾ, ನಿನ್ನ ಕಣ್ಣಿಗೆ ಹಿಮ ಹೊಡೆದಿದೆ ಕಣೋ! ಹಿಮದ ಬೆಳಕು ಹೊಡೆದ್ರೆ ಕಣ್ಣು ಕಾಣಲ್ಲ, ನೀರು ಸುರಿಯುತ್ತೆ. ಪಕ್ಕದಲ್ಲೇ ನಿಂತಿದ್ದೆ, ಕಾಣ್ಲಿಲ್ಲ ಅಂದ್ರೆ ಇನ್ನೇನು? ಕರಿ ಕನ್ನಡಕ ಹಾಕ್ಕೊಳ್ಳೋಕೆ ಏನು ರೋಗ ನಿಂಗೆ?"

"ಹಾಗಲ್ಲ ಚಿಕ್ಕಮ್ಮಾ, ನಾನು..."

"ಬಾಯ್ಮುಚ್ಕೊಂಡು ಮಲಗು."

ಬೆಂಚಿನ ಮೇಲೆ ಮಲಗಿಸಿ, ತಣ್ಣೀರಲ್ಲಿ ಅದ್ದಿದ ಬಟ್ಟೆಯನ್ನು ಕಣ್ಣ ಮೇಲೆ ಹಾಕಿದಳು. ಆಮೇಲೆ ದೆಹಲಿಯವರ ಕಡೆ ತಿರುಗಿ, "ನೀವೇನೂ ಹೆದರ್ಬೇಡಿ. ಒಳ್ಳೆ ಹುಡುಗ. ಕಣ್ಣು ಕಂಡಿದ್ರೆ ನಿಲ್ಲಿಸದೆ ಇರ್ತಿದ್ನಾ?" ಎಂದಳು.

ಅವರು ಒಲೆಯ ಕಡೆ ಮುಖ ತಿರುಗಿಸಿದರು. ಬಟ್ಟೆಯ ಕೆಳಗಿನಿಂದ ಬಿಸಿನೀರು ಅಂಗ್ರುಪನ ಕಿವಿಯ ಕಡೆಗೆ ಇಳಿಯತೊಡಗಿತು.

"ನೋಡಿ, ಹೇಗೆ ಸುರೀತಿದೆ," ಎಂದಳು ಪಲ್ಜೋಮ್, ಅಂಗಿಯ ತೋಳಿನಿಂದ ಒರೆಸುತ್ತ. "ನಾನು ಹೇಳ್ಲಿಲ್ವಾ?"