ಬೆಣ್ಣೆ ಸುಮ್ಮನಾದ ಮೇಲೆ

ಭಾನುವಾರದ ತಿಂಡಿ ಎಂದರೆ ಆ ಮನೆಯಲ್ಲಿ ಮಾವನದೇ ಪಾರುಪತ್ಯ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಜೀವಮಾನವಿಡೀ ಸೈರನ್ನಿಗೆ ಹೆದರಿ ಹೆದರಿ ಅಡುಗೆ ಮಾಡಿದ ಮನುಷ್ಯ, ನಿವೃತ್ತರಾದ ಮೇಲೆ ಅವಸರವನ್ನೇ ಮನೆಯಿಂದ ಗಡೀಪಾರು ಮಾಡಿದ್ದರು. ಅವರು ಒಂದು ಈರುಳ್ಳಿ ಹೆಚ್ಚುವ ಹೊತ್ತಿಗೆ ಬೇರೆಯವರ ಮನೆಯಲ್ಲಿ ತಿಂದು, ಕೈ ತೊಳೆದು, ತೇಗಿಯೂ ಆಗಿರುತ್ತಿತ್ತು. ಮಗ ಗೊಣಗಿದರೆ “ಆತುರಗಾರನಿಗೆ ಬುದ್ಧಿ ಮಟ್ಟ” ಎಂದು ಬಾಯಿ ಮುಚ್ಚಿಸುತ್ತಿದ್ದರು.

ಸೊಸೆಗೆ ಮಾತ್ರ ಆ ನಿಧಾನವೇ ಇಷ್ಟ. ವಾರವಿಡೀ ಸೋಪಿನ ಕಾರ್ಖಾನೆಯಲ್ಲಿ ಪರಿಮಳ ಬೆರೆಸುತ್ತ ನಿಂತೇ ಇರುವವಳು, ಭಾನುವಾರ ಕಾಲು ಚಾಚಿ ಕೂತು, ತನಗಾಗಿ ಇನ್ನೊಬ್ಬರು ಅಡುಗೆ ಮಾಡುವುದನ್ನು ಕಣ್ತುಂಬ ನೋಡುತ್ತಿದ್ದಳು. ತವರಿನಲ್ಲೂ ಅವಳಿಗೆ ಈ ಭಾಗ್ಯ ಇರಲಿಲ್ಲ. ಎಂಥ ಕೈ ಅದು! ಬಟ್ಟಲಿನ ಅಂಚಿಗೆ ತಾಗಿಸಿದರೆ ಸಾಕು, ಮೊಟ್ಟೆ ಒಪ್ಪಿಕೊಂಡು ಬಾಯಿಬಿಟ್ಟ ಹಾಗೆ ಒಡೆಯುತ್ತಿತ್ತು.

ಚಳಿಗಾಲದಲ್ಲಿ ಜ್ವರ ಬಂದು ಎದ್ದ ಮೇಲೆ ಮಾವ ಹೊಸದೊಂದು ಕಾನೂನು ತಂದಿದ್ದರು. ಬಾಣಲೆ ಒಲೆಯ ಮೇಲಿರುವಾಗ ಯಾರೂ ತುಟಿ ಪಿಟಕ್ಕೆನ್ನಬಾರದು, ರೇಡಿಯೊ ಬಂದ್. “ಅಪ್ಪಂಗೆ ಅರಳು ಮರಳು” ಎಂದು ಮಗ ನಕ್ಕು ಮತ್ತೆ ಮುಸುಕೆಳೆದುಕೊಳ್ಳುತ್ತಿದ್ದ.

ಆ ಭಾನುವಾರವೂ ಸಣ್ಣ ಉರಿಯ ಮೇಲೆ ಬೆಣ್ಣೆ ಚಟಪಟಗುಟ್ಟುತ್ತಿತ್ತು. ಮಾವ ಒಲೆಗೆ ಬೆನ್ನು ಹಾಕಿ, ಕಿವಿ ಮಾತ್ರ ಅತ್ತ ಇಟ್ಟು, ಮೊಟ್ಟೆ ಕಲಸುತ್ತಿದ್ದರು. ಕಿಟಕಿಯಿಂದ ಗಾಳಿ ನುಗ್ಗಿತು. ಬೆಣ್ಣೆ ಸುಮ್ಮನಾಯಿತು. ಅವರು ತೃಪ್ತಿಯಿಂದ ತಲೆಯಾಡಿಸಿ, ಹಾಲಿನ ಪಾತ್ರೆಯನ್ನು ಸಾವಕಾಶವಾಗಿ ಒರೆಸಿ, ಪಕ್ಕದ ಒಲೆಯ ಮೇಲಿಟ್ಟು ಲೈಟರ್ ಎತ್ತಿಕೊಂಡರು.

ಸೊಸೆಯ ಮೂಗಿಗೆ ಗ್ಯಾಸ್ ಬಡಿಯಿತು.

“ಮಾವ, ಹಚ್ಬೇಡಿ!”

ಲೈಟರ್ ಕಿತ್ತುಕೊಂಡು, ಗ್ಯಾಸ್ ಬಂದ್ ಮಾಡಿ, ಬಾಗಿಲು ಪೂರಾ ತೆರೆದಳು. ಗಾಳಿಗೆ ಉರಿ ಆರಿಹೋಗಿತ್ತು. ಬೆಣ್ಣೆ ಸುಮ್ಮನಾದದ್ದು ಅದಕ್ಕೇ.

“ನಿಮಗೆ ವಾಸನೆ ಬರ್ಲಿಲ್ವಾ?”

ಮಾವ ಮೊಟ್ಟೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. ಸಂಜೆ ಅವಳು ಮನೆಗೆ ಬಂದೊಡನೆ “ಇವತ್ತು ನಿಂಬೆ, ಇವತ್ತು ಗುಲಾಬಿ” ಎಂದು ಸೋಪು ಗುರುತಿಸುತ್ತಿದ್ದವರು ಎಷ್ಟೋ ದಿನದಿಂದ ಆ ಆಟವನ್ನೇ ಬಿಟ್ಟಿದ್ದಾರೆ ಎಂಬುದು ಅವಳಿಗೆ ಆಗ ಹೊಳೆಯಿತು.

“ಜ್ವರದ ಜೊತೆ ವಾಸನೆನೂ ಹೋಯ್ತಮ್ಮ” ಎಂದರು ಮಾವ. “ಬೆಣ್ಣೇಲಿರೋ ನೀರು ಆರಿದ್ಮೇಲೆ ಅದು ಗಲಾಟೆ ನಿಲ್ಸುತ್ತೆ, ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಮೊಟ್ಟೆ ಹಾಕ್ಬೇಕು. ಈರುಳ್ಳಿ ಕೆಂಪಗಾಗೋದೂ ಕೇಳ್ಸುತ್ತೆ. ಎಲ್ಲಾ ಕೇಳ್ಕೊಂಡೇ ಮಾಡ್ತಿದ್ದೆ. ಅವನಿಗೆ ಹೇಳ್ಬೇಡ, ಒಲೆ ಬಿಡಿಸ್ತಾನೆ. ಒಲೆ ಬಿಟ್ರೆ ನಂಗಿನ್ನೇನಿದೆ?”

ಸೊಸೆಗೆ ಹೆದರಿಕೆ ಇನ್ನೂ ಇಳಿದಿರಲಿಲ್ಲ. ಆದರೆ ಅದಕ್ಕಿಂತ ದೊಡ್ಡದಾಗಿ ಬೆರಗು ಎದ್ದು ನಿಂತಿತು. ಇಷ್ಟು ದಿನವೂ ಅವಳು ಬೆರಳು ಚೀಪಿಕೊಂಡು ತಿಂದಿದ್ದಾಳೆ. ಒಂದು ದಿನ ಒಂದು ಚೂರು ಸೀದಿಲ್ಲ, ಹಸಿ ಉಳಿದಿಲ್ಲ. ಈ ಮನುಷ್ಯನಿಗೆ ಕೈಮುಗಿಯಬೇಕು ಅನ್ನಿಸಿತು.

ಅಷ್ಟರಲ್ಲಿ ಅವಳ ಕೂಗಿಗೆ ಎಚ್ಚೆತ್ತ ಗಂಡ ಓಡಿಬಂದ. ಸೊಸೆಯಿಂದ ಸುಳ್ಳು ಹೇಳಿಸಲು ಮನಸ್ಸು ಬಾರದೆ, ಅವಳು ಬಾಯಿ ತೆರೆಯುವ ಮೊದಲೇ ಮಾವ ತಾವಾಗಿಯೇ ಎಲ್ಲ ಹೇಳಿದರು. ಏನನ್ನೂ ಮುಚ್ಚಿಡಲಿಲ್ಲ.

“ಸಾಕಪ್ಪಾ” ಎಂದ ಮಗ. ಅವನ ಮುಖ ಬಿಳಿಚಿಕೊಂಡಿತ್ತು. “ನೀವಿಬ್ರೂ ಸುಟ್ಟು ಹೋಗ್ತಿದ್ರಿ. ಇನ್ಮೇಲೆ ಒಲೆ ತಂಟೆಗೆ ಬರ್ಬೇಡಿ.”

ಅವನ ಮಾತಿನಲ್ಲಿ ತಪ್ಪೇನಿತ್ತು? ಮಾವ ಎದುರಾಡದೆ ಸೊಂಟದ ಏಪ್ರನ್ ಬಿಚ್ಚತೊಡಗಿದರು. ಗಂಟು ಕೈಗೆ ಸಿಗಲಿಲ್ಲ.

“ಬಿಚ್ಬೇಡಿ ಮಾವ.” ಸೊಸೆ ಕುರ್ಚಿಯನ್ನು ದರದರ ಎಳೆದು ತಂದು ಒಲೆಯ ಪಕ್ಕದಲ್ಲೇ ಹಾಕಿ ಕೂತಳು. “ಹಚ್ಚೋದು, ಆರ್ಸೋದು ನಂದು. ಅಡುಗೆ ನಿಮ್ದು. ನಾನಿಲ್ದೆ ನೀವು ಒಲೆ ಮುಟ್ಟೋ ಹಾಗಿಲ್ಲ, ಇದು ನನ್ನ ಕಾನೂನು.” ಆಮೇಲೆ ಗಂಡನ ಕಡೆ ತಿರುಗಿದಳು. “ರೀ, ಇವರು ಬರೀ ಕಿವೀಲಿ ಇಷ್ಟು ದಿನ ನಮ್ಮನ್ನ ಸಾಕಿದ್ದಾರೆ. ನಿಮಗೆ ಕಿವಿ, ಮೂಗು ಎರಡೂ ನೆಟ್ಟಗಿದೆಯಲ್ಲ, ಒಂದು ಮೊಟ್ಟೆ ಬೇಯ್ಸಿ ತೋರ್ಸಿ ನೋಡೋಣ!”

ಮಗನಿಗೆ ನಗು ತಡೆಯಲಾಗಲಿಲ್ಲ. ಗ್ಯಾಸ್ ಪೂರ್ತಿ ಹೋಗಲಿ ಎಂದು ಬಹಳ ಹೊತ್ತು ಕಾದು, ಒಲೆಯ ಎದುರಿನ ಕಿಟಕಿಯನ್ನು ತಾನೇ ಭದ್ರವಾಗಿ ಮುಚ್ಚಿ, ಅಲ್ಲೇ ಗೋಡೆಗೊರಗಿ ನಿಂತ.

ಸೊಸೆ ಒಲೆ ಹಚ್ಚಿದಳು. ಬೆಣ್ಣೆ ಕರಗಿತು, ಚಟಪಟ ಎಂದಿತು, ಮೆಲ್ಲಗೆ ಸುಮ್ಮನಾಯಿತು. ಮಾವ ಬಗ್ಗಿ ಉರಿ ಇದೆಯೇ ಎಂದು ನೋಡಿದರು. ಮೊಟ್ಟೆಯ ಬಟ್ಟಲು ಎತ್ತಿದವರು ಸುರಿಯದೆ ಸೊಸೆಯ ಮುಖ ನೋಡಿದರು.

“ವಾಸನೆ ಹೇಗಿದೆಯಮ್ಮ?”

ಅವಳು ಕಣ್ಣು ಮುಚ್ಚಿ ಉಸಿರೆಳೆದಳು. “ಈಗಷ್ಟೇ ಹುರಿದ ಕಡಲೆಬೀಜದ ಹಾಗೆ, ಮಾವ. ಹಿಂದೆ ಸ್ವಲ್ಪ ಕೆನೆಕಟ್ಟಿದ ಹಾಲಿನ ಸಿಹಿ.”

“ಇನ್ನೊಂದ್ಸಲ ಹೇಳು.”

“ಬೆಣ್ಣೆ ಸೀದು ಹೋಗುತ್ತೆ ಮಾವ!”

“ಸೀದ್ರೆ ಸೀಯ್ಲಿ. ನೀನು ಹೇಳು.”